ಅಂಚೆಯಲ್ಲಿ ಬಂದ ನಾಣ್ಯಗಳು: ಕೊಟ್ಟ ಬೆಲೆ ನ್ಯಾಯವೇ?

ಓದುಗರ ಪ್ರಶ್ನೆ

"ನಾವು ತಿಪಟೂರಿನವರು. ನಮ್ಮ ತಂದೆಯವರು ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರಾಗಿದ್ದು ನಿವೃತ್ತರಾದವರು. ಈಗ ಅವರಿಗೆ 71 ವರ್ಷ. ಮೂರು ವರ್ಷದ ಹಿಂದೆ ಪತ್ರಿಕೆಯೊಂದರ ಜಾಹೀರಾತು ನೋಡಿ, ಹೊರರಾಜ್ಯದ ಒಬ್ಬ ವ್ಯಾಪಾರಿಯಿಂದ ಅಂಚೆಯ ಮೂಲಕ ನಾಣ್ಯಗಳನ್ನು ತರಿಸಲು ಶುರು ಮಾಡಿದರು. ಮರದ ಪೆಟ್ಟಿಗೆಯಲ್ಲಿರುವ ಹನ್ನೆರಡು ದೇವರ ಬೆಳ್ಳಿ ಲೇಪಿತ ನಾಣ್ಯಗಳಿಗೆ 9,600 ರೂಪಾಯಿ, ಭಾರತ ಸರ್ಕಾರದ ನೂರು ರೂಪಾಯಿಯ ಸ್ಮಾರಕ ನಾಣ್ಯಕ್ಕೆ 8,500, ಐದನೇ ಜಾರ್ಜ್ ದೊರೆಯ 1918ರ ಬೆಳ್ಳಿ ರೂಪಾಯಿಗೆ 4,500, 'ಈಸ್ಟ್ ಇಂಡಿಯಾ ಕಂಪನಿ 1818' ಎಂದು ಬರೆದಿರುವ ಹನುಮಂತನ ತಾಮ್ರದ ನಾಣ್ಯಕ್ಕೆ 6,000 ಕೊಟ್ಟಿದ್ದಾರೆ. ಕೊನೆಯದು ಬಂದು ಎಂಟು ತಿಂಗಳಾಯಿತು. ಈಗ ಎರಡನೇ ಸರಣಿಗೆ 24,000 ಮುಂಗಡ ಕಟ್ಟಿ, ಐದು ವರ್ಷದಲ್ಲಿ ಎಲ್ಲವೂ ಮೂರು ಪಟ್ಟಾಗುತ್ತದೆ ಎಂದು ವಾರಕ್ಕೆರಡು ಸಲ ಫೋನ್ ಬರುತ್ತಿದೆ. ನಾನು ಪೆಟ್ಟಿಗೆಯನ್ನು ನಮ್ಮೂರಿನ ಚಿನ್ನ ಬೆಳ್ಳಿ ಅಂಗಡಿಗೆ ಒಯ್ದರೆ ಅವರು ತಕ್ಕಡಿಗೂ ಹಾಕಲಿಲ್ಲ. ಈ ಬೆಲೆಗಳು ನ್ಯಾಯವೇ? ಇವನ್ನು ಮಾರುವುದೋ, ಇಟ್ಟುಕೊಳ್ಳುವುದೋ? ತಂದೆಯವರ ಮನಸ್ಸು ನೋಯದಂತೆ ಹೇಗೆ ಹೇಳಲಿ?"

ಉತ್ತರ

ನಿಮ್ಮ ಪತ್ರವನ್ನೂ ಅದರೊಂದಿಗೆ ಕಳಿಸಿದ ಚಿತ್ರಗಳನ್ನೂ ನಿಧಾನವಾಗಿ ನೋಡಿದ್ದೇನೆ. ಕೊಟ್ಟ ಬೆಲೆ ಸರಿಯೇ ಎಂಬುದಕ್ಕೂ ಕೈಯಲ್ಲಿರುವುದನ್ನು ಏನು ಮಾಡಬೇಕೆಂಬುದಕ್ಕೂ ಒಂದೊಂದು ನಾಣ್ಯವನ್ನೂ ಬೇರೆ ಬೇರೆಯಾಗಿ ಎತ್ತಿಕೊಂಡು ಉತ್ತರಿಸಬೇಕು. ಎರಡನೇ ಸರಣಿಯ ವಿಷಯಕ್ಕೆ ಮಾತ್ರ ಅಷ್ಟು ಹೊತ್ತು ಬೇಡ: ಆ 24,000 ರೂಪಾಯಿಯನ್ನು ಕಟ್ಟಬೇಡಿ. ನಾಣ್ಯ ಇಷ್ಟು ವರ್ಷದಲ್ಲಿ ಇಷ್ಟು ಪಟ್ಟಾಗುತ್ತದೆ ಎಂದು ಮಾತು ಕೊಡುವವರಿಂದ ನಾಣ್ಯ ಕೊಳ್ಳಬಾರದು. ಈ ವ್ಯಾಪಾರದಲ್ಲಿ ಅನುಭವವಿರುವ ಯಾರೂ ಅಂಥ ಮಾತು ಕೊಡುವುದಿಲ್ಲ.

ಹಾಗೆಂದು ಅಂಚೆಯ ಮೂಲಕ ನಾಣ್ಯ ಮಾರುವವರೆಲ್ಲ ಮೋಸಗಾರರು ಎಂದು ನಾನು ಹೇಳುತ್ತಿಲ್ಲ. ತುಮಕೂರಿನಲ್ಲಿ ನಾನು ಸಂಗ್ರಹ ಆರಂಭಿಸಿದ ಕಾಲದಲ್ಲಿ ನಾಣ್ಯದ ಅಂಗಡಿ ಎಂಬುದೇ ಇಲ್ಲಿ ಇರಲಿಲ್ಲ. ಬೆರಳಚ್ಚು ಮಾಡಿದ ಪಟ್ಟಿಗಳು ಅಂಚೆಯಲ್ಲಿ ಬರುತ್ತಿದ್ದವು, ನಾವು ಕಾರ್ಡು ಬರೆದು ಬೇಕಾದದ್ದನ್ನು ಕಾಯ್ದಿರಿಸುತ್ತಿದ್ದೆವು, ವಿ.ಪಿ.ಪಿ.ಯಲ್ಲಿ ಪೊಟ್ಟಣ ಬಂದಾಗ ಅಂಚೆಯವರಿಗೆ ಹಣ ಕೊಟ್ಟು ಬಿಡಿಸಿಕೊಳ್ಳುತ್ತಿದ್ದೆವು. ನನ್ನ ಸಂಗ್ರಹದ ಒಳ್ಳೆಯ ನಾಣ್ಯಗಳಲ್ಲಿ ಅರ್ಧಕ್ಕೂ ಹೆಚ್ಚು ಹೀಗೆ ಬಂದವು. ನಾನು ಮೊದಲ ಸಲ ಮೋಸ ಹೋದದ್ದೂ ಅದೇ ದಾರಿಯಲ್ಲಿ. ಟಿಪ್ಪುವಿನ ಆನೆ ಕಾಸು ಎಂದು ಕೊಂಡ ತಾಮ್ರದ ನಾಣ್ಯವನ್ನು ಅಂಗೈಯಲ್ಲಿಟ್ಟು ಅಂಚನ್ನು ಉಗುರಿನಿಂದ ಸವರಿದಾಗ ಸುತ್ತಲೂ ಒಂದು ಸಣ್ಣ ಏಣು ತಾಗಿತು. ಅದು ಎರಡು ಅಚ್ಚುಗಳ ನಡುವೆ ಲೋಹ ಎರಕ ಹೊಯ್ದಾಗ ಉಳಿಯುವ ಗೆರೆ. ಟಿಪ್ಪುವಿನ ಟಂಕಸಾಲೆಯಲ್ಲಿ ನಾಣ್ಯಗಳನ್ನು ಅಚ್ಚಿನಿಂದ ಬಡಿದು ಒತ್ತುತ್ತಿದ್ದರೇ ಹೊರತು ಎರಕ ಹೊಯ್ಯುತ್ತಿರಲಿಲ್ಲ. ಅಂದಿನಿಂದ ಇಂದಿನವರೆಗೆ ಯಾವ ನಾಣ್ಯ ಕೈಗೆ ಬಂದರೂ ನಾನು ಮೊದಲು ಮುಟ್ಟುವುದು ಅದರ ಅಂಚನ್ನು.

ಸಂಗ್ರಹಕಾರರ ನಾಣ್ಯದ ಬೆಲೆಯಲ್ಲಿ ಮೂರು ಪದರಗಳಿರುತ್ತವೆ. ಕೆಳಗಿನದು ಲೋಹದ ಬೆಲೆ; ಇದನ್ನು ಚಿನಿವಾರ ಪೇಟೆಯ ಅಂದಿನ ದರ ತೀರ್ಮಾನಿಸುತ್ತದೆ. ಅದರ ಮೇಲಿನದು ಸಂಗ್ರಹ ಮೌಲ್ಯ: ಆ ನಾಣ್ಯ ಎಷ್ಟು ಉಳಿದಿದೆ, ಯಾವ ಸ್ಥಿತಿಯಲ್ಲಿದೆ, ಅದು ಬೇಕೆಂದು ಎಷ್ಟು ಜನ ಹುಡುಕುತ್ತಿದ್ದಾರೆ ಎಂಬುದರ ಮೇಲೆ ಇದು ನಿಂತಿದೆ. ಮೂರನೆಯದು ಮಾರುವವನ ಖರ್ಚು ಮತ್ತು ಲಾಭ. ಜಾಹೀರಾತು, ಪೆಟ್ಟಿಗೆ, ಮಖಮಲ್ಲು, ಪ್ರಮಾಣಪತ್ರ, ಫೋನ್ ಮಾಡುವ ಹುಡುಗರ ಸಂಬಳ ಎಲ್ಲವೂ ಇದರೊಳಗೆ ಬರುತ್ತವೆ. ನೀವು ನಾಳೆ ಮಾರಲು ಹೋದರೆ ಮೊದಲ ಪದರ ಖಂಡಿತ ಸಿಗುತ್ತದೆ, ಎರಡನೆಯದು ಸರಿಯಾದ ಗಿರಾಕಿ ಸಿಕ್ಕರೆ ಸಿಗುತ್ತದೆ, ಮೂರನೆಯದು ಎಂದಿಗೂ ಹಿಂದಿರುಗುವುದಿಲ್ಲ. ಪ್ರಾಮಾಣಿಕ ವ್ಯಾಪಾರಿಯೂ ಮೂರನೆಯ ಪದರ ಇಟ್ಟೇ ಮಾರುತ್ತಾನೆ, ಅದರಲ್ಲಿ ತಪ್ಪಿಲ್ಲ, ಅಂಗಡಿ ನಡೆಯಬೇಕಲ್ಲ. ಕೊಟ್ಟ ಹಣದಲ್ಲಿ ಆ ಪದರ ಎಷ್ಟು ದಪ್ಪ ಎಂಬುದನ್ನು ಕೊಳ್ಳುವವರು ನೋಡಿಕೊಳ್ಳಬೇಕು. ನಿಮ್ಮ ತಂದೆಯವರ ನಾಲ್ಕೂ ಖರೀದಿಗಳನ್ನು ಈ ಲೆಕ್ಕಕ್ಕೆ ಹಚ್ಚೋಣ. ಬೆಳ್ಳಿಯ ದರ ದಿನದಿನಕ್ಕೆ ಬದಲಾಗುವುದರಿಂದ, ಲೆಕ್ಕ ಸುಲಭವಾಗಲೆಂದು ಗ್ರಾಂಗೆ 100 ರೂಪಾಯಿ ಎಂದಿಟ್ಟುಕೊಂಡಿದ್ದೇನೆ. ನೀವು ಓದುವ ದಿನದ ದರವನ್ನು ಅಲ್ಲಿ ಸೇರಿಸಿಕೊಳ್ಳಿ.

ಮೊದಲು ಮರದ ಪೆಟ್ಟಿಗೆ. ಅದರೊಳಗಿರುವವು ನಾಣ್ಯಗಳೇ ಅಲ್ಲ. ನಮ್ಮ ದೇಶದಲ್ಲಿ ನಾಣ್ಯ ಟಂಕಿಸುವ ಅಧಿಕಾರ ಕೇಂದ್ರ ಸರ್ಕಾರಕ್ಕೆ ಮಾತ್ರ ಇದೆ. 2011ರ ನಾಣ್ಯ ಕಾಯ್ದೆ ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ಖಾಸಗಿಯವರು ಒತ್ತಿದ ದುಂಡನೆಯ ಲೋಹದ ಬಿಲ್ಲೆಯನ್ನು ಪದಕ ಎನ್ನಬಹುದು, ಉಡುಗೊರೆ ಎನ್ನಬಹುದು. ಪ್ರಮಾಣಪತ್ರದಲ್ಲಿ '999 ಬೆಳ್ಳಿ ಲೇಪಿತ' ಎಂದು ಬರೆದಿರುವುದನ್ನು ನಿಮ್ಮ ಚಿತ್ರದಲ್ಲಿ ಓದಿದೆ. ಓದುವವರ ಕಣ್ಣು 999ರ ಮೇಲೆ ನಿಲ್ಲುತ್ತದೆ, ಆದರೆ ಆ ಸಂಖ್ಯೆ ಹೇಳುವುದು ಮೇಲಿನ ಲೇಪನದ ಶುದ್ಧತೆಯನ್ನಷ್ಟೇ; ಒಳಗಿರುವುದು ತಾಮ್ರವೋ ಹಿತ್ತಾಳೆಯೋ ಆಗಿರುತ್ತದೆ. ಲೇಪನದಲ್ಲಿ ಎಷ್ಟು ಬೆಳ್ಳಿ ಇರಬಹುದು ಎಂದು ನೀವೇ ಲೆಕ್ಕ ಹಾಕಬಹುದು. 40 ಮಿಲಿಮೀಟರ್ ಅಗಲ, 3 ಮಿಲಿಮೀಟರ್ ದಪ್ಪದ ಬಿಲ್ಲೆಯ ಎರಡು ಮುಖ ಮತ್ತು ಅಂಚು ಸೇರಿ ಸುಮಾರು 29 ಚದರ ಸೆಂಟಿಮೀಟರ್ ಆಗುತ್ತದೆ. ಅದರ ಮೇಲೆ ಒಂದು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು, ದಪ್ಪಕ್ಕೆ ಬೆಳ್ಳಿ ಬಳಿದರೆ ಅದರ ತೂಕ ಸುಮಾರು 30 ಮಿಲಿಗ್ರಾಂ. ಹನ್ನೆರಡಕ್ಕೂ ಸೇರಿಸಿದರೆ ಅರ್ಧ ಗ್ರಾಂ ಕೂಡ ಆಗುವುದಿಲ್ಲ. ನಮ್ಮ ಲೆಕ್ಕದ ದರದಲ್ಲಿ 40 ರೂಪಾಯಿಯೊಳಗಿನ ಬೆಳ್ಳಿ. ಅಂಗಡಿಯವರು ತಕ್ಕಡಿಗೆ ಹಾಕದಿದ್ದುದು ಉದಾಸೀನದಿಂದಲ್ಲ. ಬಿಲ್ಲೆಯ ಹೊಳಪು ನೋಡಿದ ಕೂಡಲೇ ಅದು ಲೇಪ ಎಂದು ಅವರಿಗೆ ತಿಳಿದಿರುತ್ತದೆ.

'ಸೀಮಿತ ಆವೃತ್ತಿ' ಎಂಬ ಮಾತಿನ ಬಗ್ಗೆಯೂ ಹೇಳಬೇಕು. ಪ್ರಮಾಣಪತ್ರದಲ್ಲಿ ಸಂಖ್ಯೆ ಹಾಕಿ ಇಷ್ಟೇ ಪೆಟ್ಟಿಗೆ ಮಾಡುತ್ತೇವೆ ಎಂದಿದ್ದಾರೆ. ಆ ಮಿತಿಯನ್ನು ಹಾಕಿದವರು ಅವರೇ, ಎಣಿಸುವವರೂ ಅವರೇ. ಒಂದು ವೇಳೆ ಸಂಖ್ಯೆ ನಿಜವೇ ಆಗಿದ್ದರೂ, ಕಡಿಮೆ ಇರುವ ವಸ್ತುವೆಲ್ಲ ಬೆಲೆಬಾಳುವುದಿಲ್ಲ. ಬೇಕು ಎನ್ನುವ ಎರಡನೆಯ ಗಿರಾಕಿ ಇದ್ದಾಗ ಮಾತ್ರ ಬೆಲೆ ಹುಟ್ಟುತ್ತದೆ. ಇಂಥ ಪೆಟ್ಟಿಗೆಗಳನ್ನು ಹಿಡಿದುಕೊಂಡು ನನ್ನ ಬಳಿ ಬಂದವರು ಅನೇಕರು. ಅವನ್ನು ಕೊಳ್ಳಲು ಹುಡುಕಿಕೊಂಡು ಬಂದವರನ್ನು ನಾನು ಇದುವರೆಗೆ ನೋಡಿಲ್ಲ. ಪೆಸಿಫಿಕ್ ಸಾಗರದ ನಿಯು, ತುವಾಲುಗಳಂಥ ಪುಟ್ಟ ದ್ವೀಪಗಳ ಹೆಸರಿನಲ್ಲಿ ಹೊರಡುವ, ಗಣಪತಿ ಲಕ್ಷ್ಮಿಯರ ಬಣ್ಣದ ಚಿತ್ರವಿರುವ ನಾಣ್ಯಗಳದು ಇದಕ್ಕಿಂತ ಸ್ವಲ್ಪ ಬೇರೆ ಕಥೆ. ಅವು ಕಾನೂನಿನ ಪ್ರಕಾರ ನಾಣ್ಯಗಳೇ, ಹಲವುಗಳಲ್ಲಿ ನಿಜವಾದ ಬೆಳ್ಳಿಯೂ ಇರುತ್ತದೆ. ಆದರೆ ಅವು ಎಂದೂ ಜನರ ಕೈಯಲ್ಲಿ ಓಡಾಡಿದವಲ್ಲ. ಸಂಗ್ರಹಕಾರರಿಗೆ ಮಾರುವುದಕ್ಕೆಂದೇ ಒತ್ತಿದವು. ಎರಡನೇ ಸರಣಿಯಲ್ಲಿ ಇಂಥವು ಬರುವ ಸಾಧ್ಯತೆ ಇರುವುದರಿಂದ ತಿಳಿಸಿದ್ದೇನೆ.

ಸರ್ಕಾರದ ನೂರು ರೂಪಾಯಿಯ ಸ್ಮಾರಕ ನಾಣ್ಯದ ವಿಷಯ ಬೇರೆ. ಅದು ನಿಜವಾದ ನಾಣ್ಯ, ಚಿತ್ರದಲ್ಲಿ ಕಂಡಂತೆ ಒಳ್ಳೆಯ ಸ್ಥಿತಿಯಲ್ಲಿಯೂ ಇದೆ. ಸ್ವತಂತ್ರ ಭಾರತದ ಮೊದಲ ಸ್ಮಾರಕ ನಾಣ್ಯ 1964ರಲ್ಲಿ ನೆಹರೂ ಅವರ ನೆನಪಿಗೆ ಬಂತು. 2006ರಲ್ಲಿ ಬಸವಣ್ಣನವರ ಹೆಸರಿನಲ್ಲಿ ಬಂದ ಐದು ರೂಪಾಯಿಯ ನಾಣ್ಯವನ್ನು ನೀವೂ ಸಂತೆಯಲ್ಲಿ ಚಿಲ್ಲರೆಯಾಗಿ ಪಡೆದಿರಬಹುದು. ನೂರು ರೂಪಾಯಿಯಂಥ ದೊಡ್ಡ ಮುಖಬೆಲೆಯವು ಮಾತ್ರ ಚಲಾವಣೆಗೆ ಬರುವುದಿಲ್ಲ. ಮುಂಬಯಿ, ಕೋಲ್ಕತ್ತ, ಹೈದರಾಬಾದ್, ನೋಯ್ಡಾಗಳಲ್ಲಿರುವ ಸರ್ಕಾರಿ ಟಂಕಸಾಲೆಗಳು ಅವನ್ನು ಸಂಗ್ರಹಕಾರರಿಗೆಂದು ಒತ್ತಿ, ಬೆಲೆ ಪ್ರಕಟಿಸಿ, ಬುಕಿಂಗ್ ಪಡೆದು ನೇರವಾಗಿ ಮಾರುತ್ತವೆ. ಇವುಗಳಲ್ಲಿ ಪ್ರೂಫ್ ಎಂಬ ಬಗೆ ಇದೆ; ಪ್ರೂಫ್ ಎಂದರೆ ಮೆರುಗು ಕೊಟ್ಟ ಅಚ್ಚಿನಿಂದ, ಮೆರುಗು ಕೊಟ್ಟ ಬಿಲ್ಲೆಯ ಮೇಲೆ ಒಂದಕ್ಕಿಂತ ಹೆಚ್ಚು ಸಲ ಒತ್ತಿ ಮಾಡಿದ ನಾಣ್ಯ. ಅದಕ್ಕೇ ಹಿನ್ನೆಲೆ ಕನ್ನಡಿಯಂತೆ ಹೊಳೆದು, ಉಬ್ಬುಚಿತ್ರ ಮಂಜು ಕವಿದಂತೆ ಕಾಣುತ್ತದೆ. ಇಂಥ ನೂರು ರೂಪಾಯಿ ನಾಣ್ಯಗಳಲ್ಲಿ ಹಲವು ದಶಕ ಬಳಸಿಕೊಂಡು ಬಂದ ಮಿಶ್ರಲೋಹ ಅರ್ಧ ಬೆಳ್ಳಿ, ಶೇ. 40 ತಾಮ್ರ, ಉಳಿದದ್ದು ನಿಕ್ಕಲ್ ಮತ್ತು ಸತು. 2023ರಲ್ಲಿ ಹೊಸ ಸಂಸತ್ ಭವನಕ್ಕೆಂದು ಹೊರಡಿಸಿದ 75 ರೂಪಾಯಿಯ ನಾಣ್ಯವೂ ಇದೇ ಬೆರಕೆಯದು. ತೂಕ 35 ಗ್ರಾಂ. ಅದರೊಳಗಿನ ಬೆಳ್ಳಿ ಹದಿನೇಳೂವರೆ ಗ್ರಾಂ. ನಮ್ಮ ಲೆಕ್ಕದಲ್ಲಿ 1,750 ರೂಪಾಯಿ.

8,500ರಲ್ಲಿ ಉಳಿದದ್ದು ಸಂಗ್ರಹ ಮೌಲ್ಯವೋ ವ್ಯಾಪಾರಿಯ ಲಾಭವೋ ಎಂದು ತಿಳಿಯಲು ಎರಡು ಬೆಲೆಗಳನ್ನು ಹುಡುಕಬೇಕು. ಮೊದಲನೆಯದು ಟಂಕಸಾಲೆ ಅದನ್ನು ಮಾರಿದ ಬೆಲೆ. ಎರಡನೆಯದು ಕಳೆದ ಒಂದು ವರ್ಷದಲ್ಲಿ ಅದೇ ನಾಣ್ಯ ಹರಾಜಿನಲ್ಲಿ ನಿಜವಾಗಿ ಬಿಕರಿಯಾದ ಬೆಲೆ. ಜಾಲತಾಣಗಳಲ್ಲಿ ಮಾರುವವರು ಬರೆದುಕೊಂಡ ಬೆಲೆ ಲೆಕ್ಕಕ್ಕಿಲ್ಲ, ಬರೆಯಲು ಯಾರಪ್ಪಣೆಯೂ ಬೇಡ. ಕಡಿಮೆ ಸಂಖ್ಯೆಯಲ್ಲಿ ಒತ್ತಿದ ಹಳೆಯ ಪ್ರೂಫ್ ಸೆಟ್ಟುಗಳು ಟಂಕಸಾಲೆಯ ಬೆಲೆಗಿಂತ ಬಹಳ ಮೇಲೇರಿರುವುದು ನಿಜ, ಜಾಹೀರಾತುಗಳು ಎತ್ತಿ ತೋರಿಸುವುದೂ ಅವನ್ನೇ. ಆದರೆ ಬುಕ್ ಮಾಡಿದವರಿಗೆಲ್ಲ ಒತ್ತಿಕೊಟ್ಟ ಇತ್ತೀಚಿನ ನಾಣ್ಯಗಳು ಬಿಡುಗಡೆಯ ಬಿಸಿಯಲ್ಲಿ ಒಮ್ಮೆ ಮೇಲೆ ಹೋಗಿ, ಆಮೇಲೆ ಇಳಿದು ಅಲ್ಲಿಯೇ ನಿಲ್ಲುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ನಿಮ್ಮ ತಂದೆಯವರಿಗೆ ಸರ್ಕಾರಿ ಸ್ಮಾರಕ ನಾಣ್ಯಗಳ ಮೇಲೆ ಪ್ರೀತಿ ಇದ್ದರೆ ಟಂಕಸಾಲೆಯ ಜಾಲತಾಣದಲ್ಲಿಯೇ ಬುಕ್ ಮಾಡಬಹುದು. ಇದ್ದ ನಾಣ್ಯವನ್ನು ಅದರ ಮೊಹರಾದ ಹೊದಿಕೆಯಿಂದ ಹೊರತೆಗೆಯಬೇಡಿ. ಪ್ರೂಫ್ ನಾಣ್ಯದ ಕನ್ನಡಿ ಮೈಗೆ ಒಂದು ಹೆಬ್ಬೆಟ್ಟಿನ ಗುರುತು ಬಿದ್ದರೆ ಅದು ಕ್ರಮೇಣ ಲೋಹವನ್ನೇ ಕಚ್ಚುತ್ತದೆ.

ಇನ್ನು 1918ರ ರೂಪಾಯಿ. ನಾಲ್ಕರಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಇದು, ಹೆಚ್ಚು ವಿವರಿಸಬೇಕಾದದ್ದೂ ಇದೇ. ನೂರು ವರ್ಷ ದಾಟಿದ ನಾಣ್ಯ ಅಪರೂಪವೇ ಇರಬೇಕು ಎಂದು ಎಲ್ಲರೂ ನಂಬುತ್ತಾರೆ, ವ್ಯಾಪಾರಿಗಳು ಆ ನಂಬಿಕೆಯನ್ನು ಚೆನ್ನಾಗಿ ಬಳಸಿಕೊಳ್ಳುತ್ತಾರೆ. ನಾಣ್ಯದ ವಯಸ್ಸಿಗೂ ಅದರ ಬೆಲೆಗೂ ನೇರ ಸಂಬಂಧವಿಲ್ಲ. 1918ರಲ್ಲಿ ಮೊದಲ ಮಹಾಯುದ್ಧ ನಡೆಯುತ್ತಿತ್ತು. ಯುದ್ಧದ ಸರಕುಗಳಿಗೆ ಭಾರತದಲ್ಲಿ ಕೊಡಬೇಕಾದ ಹಣ ಬೆಳೆಯುತ್ತಾ ಹೋಯಿತು, ಜನ ಕಾಗದದ ನೋಟು ಬಿಟ್ಟು ಬೆಳ್ಳಿ ರೂಪಾಯಿಯನ್ನೇ ಕೇಳಿದರು, ಸರ್ಕಾರದ ಬಳಿ ಬೆಳ್ಳಿ ಮುಗಿಯುವ ಹಂತಕ್ಕೆ ಬಂತು. ಆಗ ಅಮೆರಿಕ ಪಿಟ್‌ಮನ್ ಕಾಯ್ದೆ ಎಂಬುದನ್ನು ಮಾಡಿ, ತನ್ನ ಖಜಾನೆಯಲ್ಲಿದ್ದ ಬೆಳ್ಳಿ ಡಾಲರುಗಳಲ್ಲಿ 27 ಕೋಟಿಯಷ್ಟನ್ನು ಕರಗಿಸಿತು. ಅದರಲ್ಲಿ ಸುಮಾರು 26 ಕೋಟಿ ಡಾಲರಿನ ಬೆಳ್ಳಿಯನ್ನು ಬ್ರಿಟನ್ ಕೊಂಡದ್ದು ಭಾರತಕ್ಕಾಗಿ. ಆ ಹೊತ್ತಿನಲ್ಲಿ ಮುಂಬಯಿ ಮತ್ತು ಕೋಲ್ಕತ್ತದ ಟಂಕಸಾಲೆಗಳು ಕೋಟಿಗಟ್ಟಲೆ ರೂಪಾಯಿ ಒತ್ತಿದವು. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ದೇವರ ಪೆಟ್ಟಿಗೆ ತೆರೆದರೆ, ಅಜ್ಜಿಯರ ಕಾಸಿನ ಸರ ಬಿಚ್ಚಿದರೆ ಮೊದಲು ಕಾಣುವುದು ಆ ವರ್ಷಗಳ ರೂಪಾಯಿಗಳೇ.

ಅದೇ ದೊರೆಯ 1911ರ ರೂಪಾಯಿಯನ್ನು ಪಕ್ಕದಲ್ಲಿಟ್ಟರೆ ಅಪರೂಪ ಎಂದರೇನು ಎಂಬುದು ತಿಳಿಯುತ್ತದೆ. ದೊರೆಯ ನಿಲುವಂಗಿಯ ಮೇಲೆ ಒಂದು ಪುಟ್ಟ ಆನೆ ಇದೆ. 1911ರಲ್ಲಿ ಆ ಆನೆಯ ಸೊಂಡಿಲು ಮತ್ತು ಕಾಲುಗಳನ್ನು ಕೆತ್ತಿದ ರೀತಿಯಿಂದ ಅದು ಹಂದಿಯಂತೆ ಕಾಣುತ್ತದೆ ಎಂದು ಜನ ಆಕ್ಷೇಪಿಸಿದರು. ಸರ್ಕಾರ ಆ ನಾಣ್ಯಗಳಲ್ಲಿ ಬಹುಪಾಲನ್ನು ಹಿಂದಕ್ಕೆ ಪಡೆದು ಕರಗಿಸಿತು, 1912ರಿಂದ ಆನೆಯ ಚಿತ್ರ ತಿದ್ದಿತು. ಕರಗದೆ ಉಳಿದವು ಕಡಿಮೆ, ಕಥೆ ಗೊತ್ತಿರುವ ಸಂಗ್ರಹಕಾರರು ಬಹಳ. ಅದಕ್ಕೇ ಆ ವರ್ಷಕ್ಕೆ ಬೆಲೆ. 1939ರ ಆರನೇ ಜಾರ್ಜ್ ದೊರೆಯ ರೂಪಾಯಿಯದೂ ಇಂಥದೇ ಸಂಗತಿ. ಮರುವರ್ಷ ರೂಪಾಯಿಯ ಬೆಳ್ಳಿಯನ್ನು ಹನ್ನೆರಡರಲ್ಲಿ ಹನ್ನೊಂದು ಪಾಲಿನಿಂದ ಅರ್ಧಕ್ಕೆ ಇಳಿಸಲಾಯಿತು. ಹಳೆಯ ಬೆರಕೆಯ ಆ ಕೊನೆಯ ವರ್ಷದ ರೂಪಾಯಿ ಇಂದು ಸಿಗುವುದು ಬಹಳ ಕಷ್ಟ. ಇವೆರಡೂ 1918ರದಕ್ಕಿಂತ ಬೆಲೆಯಲ್ಲಿ ಎಷ್ಟೋ ಮೇಲಿವೆ, ಒಂದು ಅದಕ್ಕಿಂತ ಹಳೆಯದು, ಇನ್ನೊಂದು ಹೊಸದು.

ನಿಮ್ಮ ರೂಪಾಯಿಯ ತೂಕ ಒಂದು ತೊಲ, ಅಂದರೆ 11.66 ಗ್ರಾಂ, ಅದರಲ್ಲಿ ಶುದ್ಧ ಬೆಳ್ಳಿ ಸುಮಾರು 10.7 ಗ್ರಾಂ; ನಮ್ಮ ಲೆಕ್ಕದಲ್ಲಿ 1,070 ರೂಪಾಯಿ. ಇಷ್ಟು ಸಾಧಾರಣವಾದ ವರ್ಷದ ನಾಣ್ಯಕ್ಕೆ ಬೆಳ್ಳಿಯ ಬೆಲೆಯ ಮೇಲೆ ಸ್ವಲ್ಪ ಸೇರಿಸಿ ಕೊಡುವುದು ವಾಡಿಕೆ. ಹೆಚ್ಚು ಕೊಡಬೇಕಾದರೆ ಅದು ಚಲಾವಣೆಗೆ ಬಾರದ, ಟಂಕಸಾಲೆಯ ಹೊಳಪು ಮಾಸದ ನಾಣ್ಯವಾಗಿರಬೇಕು. ಚಿತ್ರದಲ್ಲಿ ದೊರೆಯ ಕಿರೀಟದ ಪಟ್ಟಿ ಸವೆದಿದೆ, ಕೆನ್ನೆ ಮತ್ತು ಮೀಸೆಯ ಮೇಲೆ ಲೋಹ ಚಪ್ಪಟೆಯಾಗಿದೆ, ಆನೆಯ ಗುರುತು ಅಷ್ಟಿಷ್ಟು ಉಳಿದಿದೆ. ಚೆನ್ನಾಗಿ ಓಡಾಡಿದ ನಾಣ್ಯ ಅದು. 4,500 ಅದಕ್ಕೆ ಅತಿಯಾಯಿತು. ಆದರೆ ನಾಣ್ಯ ಅಸಲಿ ಎಂದೇ ನನ್ನ ಅಭಿಪ್ರಾಯ, ತೂಕ ನೋಡಿ ಖಚಿತಪಡಿಸಿಕೊಳ್ಳಿ. ಚಿನ್ನದ ಅಂಗಡಿಯ ತಕ್ಕಡಿಯಲ್ಲಿ ಸವೆತದಿಂದಾಗಿ ಹನ್ನೊಂದೂವರೆ ಗ್ರಾಂ ತೋರಿಸಿದರೆ ಚಿಂತೆಯಿಲ್ಲ. ಹತ್ತು ಗ್ರಾಂ ತೋರಿಸಿದರೆ ನನಗೆ ಬರೆಯಿರಿ. ಅಯಸ್ಕಾಂತಕ್ಕೆ ಅಂಟಿದರೂ ಬರೆಯಿರಿ. 1947ರ ರೂಪಾಯಿ ನಿಕ್ಕಲಿನದಾದ್ದರಿಂದ ಅದು ಅಂಟುತ್ತದೆ, ಬೆಳ್ಳಿಯ ರೂಪಾಯಿ ಅಂಟುವುದಿಲ್ಲ.

ನಾಲ್ಕನೆಯದರ ಬಗ್ಗೆ ಬರೆಯಲು ನನಗೆ ಬೇಸರವಾಗುತ್ತದೆ. 'ಈಸ್ಟ್ ಇಂಡಿಯಾ ಕಂಪನಿ 1818' ಎಂದು ಇಂಗ್ಲಿಷಿನಲ್ಲಿ ಬರೆದು ಹನುಮಂತ, ರಾಮ ಸೀತೆ, ಲಕ್ಷ್ಮಿ, ಕಮಲ ಮುಂತಾದ ಚಿತ್ರ ಹಾಕಿದ ತಾಮ್ರದ ಬಿಲ್ಲೆಗಳನ್ನು ಕಂಪನಿ ಎಂದೂ ಟಂಕಿಸಿಲ್ಲ. 1818ರಲ್ಲಿ ಬಂಗಾಳ, ಮುಂಬಯಿ, ಮದರಾಸು ಪ್ರೆಸಿಡೆನ್ಸಿಗಳು ಬೇರೆ ಬೇರೆ ನಾಣ್ಯ ಒತ್ತುತ್ತಿದ್ದವು. ಇಡೀ ಕಂಪನಿ ಸೀಮೆಗೆ ಒಂದೇ ಬಗೆಯ ನಾಣ್ಯ ಬಂದದ್ದು 1835ರಲ್ಲಿ. ಕಂಪನಿಯ ನಾಣ್ಯದಲ್ಲಿ ದೇವರ ಚಿತ್ರ ಇರಲೇ ಇಲ್ಲವೆಂದಲ್ಲ. ಮದರಾಸಿನ ಮೂರು ಸ್ವಾಮಿ ವರಹದ ಮೇಲೆ ದೇವರೂ ಇಬ್ಬರು ದೇವಿಯರೂ ಇದ್ದಾರೆ. ಆದರೆ ಅದು ಕಡಲೆ ಬೇಳೆಗಿಂತ ಸ್ವಲ್ಪ ದೊಡ್ಡದಾದ ಚಿನ್ನದ ನಾಣ್ಯ, ಅದರ ಮೇಲೆ ಇಸವಿಯಿಲ್ಲ, ಇಂಗ್ಲಿಷ್ ಬರಹವೂ ಇಲ್ಲ. ನಿಮ್ಮ ಚಿತ್ರದಲ್ಲಿರುವ ಬಿಲ್ಲೆಯ ಅಕ್ಷರಗಳು ಸಾಬೂನು ಕರಗಿದಂತೆ ಮೊಂಡಾಗಿವೆ, ಹಿನ್ನೆಲೆಯಲ್ಲಿ ಸೂಜಿಮೊನೆಯಷ್ಟು ಗುಂಡಿಗಳು ತುಂಬಿವೆ. ಇವೆರಡೂ ಎರಕದ ಲಕ್ಷಣಗಳು. ಜಾತ್ರೆಯ ಅಂಗಡಿಯಲ್ಲಿ ಕೆಲವು ರೂಪಾಯಿಗೆ ಸಿಗುವ ವಸ್ತುವಿಗೆ ನಿಮ್ಮ ತಂದೆಯವರಿಂದ 6,000 ಪಡೆದಿದ್ದಾರೆ. ಮೊದಲಿನ ಮೂರೂ ದುಬಾರಿ ಮಾರಾಟಗಳು; ಇದೊಂದು ಮಾತ್ರ ಸುಳ್ಳು ಹೇಳಿ ಮಾಡಿದ ಮಾರಾಟ.

ಇದೇ ಬಿಲ್ಲೆಗಳಿಗೆ ಅಕ್ಕಿ ಕಾಳನ್ನು ಸೆಳೆಯುವ ಶಕ್ತಿ ಇದೆ, ವಿದೇಶದ ಸಂಸ್ಥೆಗಳು ಕೋಟಿ ಕೊಟ್ಟು ಕೊಳ್ಳುತ್ತವೆ ಎಂದು ನಂಬಿಸಿ ಮೋಸ ಮಾಡುವ 'ರೈಸ್ ಪುಲ್ಲಿಂಗ್' ತಂಡಗಳ ಸುದ್ದಿಯನ್ನು ನೀವು ಪತ್ರಿಕೆಗಳಲ್ಲಿ ಓದಿರುತ್ತೀರಿ. ಕೊಂಡವರ ವಿಳಾಸದ ಪಟ್ಟಿ ಒಬ್ಬರಿಂದ ಒಬ್ಬರಿಗೆ ದಾಟುವುದರಿಂದ ಮುಂದೊಂದು ದಿನ ನಿಮ್ಮ ತಂದೆಯವರಿಗೆ ಇನ್ನೊಂದು ಬಗೆಯ ಕರೆ ಬರಬಹುದು: ನಿಮ್ಮ ನಾಣ್ಯಕ್ಕೆ ಮೂರು ಲಕ್ಷಕ್ಕೆ ಗಿರಾಕಿ ಇದ್ದಾರೆ, ನೋಂದಣಿ ಶುಲ್ಕವೋ ತೆರಿಗೆಯೋ ಮುಂಚಿತವಾಗಿ ಕಟ್ಟಿ ಎನ್ನುತ್ತಾರೆ, ರಿಸರ್ವ್ ಬ್ಯಾಂಕಿನ ಮುದ್ರೆಯಿರುವ ಕಾಗದವನ್ನೂ ಕಳಿಸುತ್ತಾರೆ. ಹಳೆಯ ನೋಟು ನಾಣ್ಯಗಳ ವ್ಯವಹಾರದಲ್ಲಿ ತಾನು ತೊಡಗುವುದಿಲ್ಲ, ಯಾವ ಶುಲ್ಕವನ್ನೂ ಕೇಳುವುದಿಲ್ಲ, ತನ್ನ ಪರವಾಗಿ ಕೇಳಲು ಯಾರಿಗೂ ಅಧಿಕಾರ ಕೊಟ್ಟಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿಯೇ ಪ್ರಕಟಣೆ ಕೊಟ್ಟಿದೆ. ಅಂಥ ಕರೆಗೆ ಹಣ ಕಳಿಸಿದ್ದೇ ಆದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಈಗ ನಿಮ್ಮ ಮುಂದಿರುವ ದಾರಿಗಳನ್ನು ನೋಡೋಣ. ಹನುಮಂತನ ಬಿಲ್ಲೆಯ ಹಣವನ್ನು ವಾಪಸು ಕೇಳಬೇಕು. ಬಿಲ್ಲು, ವಿ.ಪಿ.ಪಿ. ರಸೀದಿ, ಜಾಹೀರಾತಿನ ಕಾಗದ, ಬಂದ ಪೊಟ್ಟಣ ಎಲ್ಲವನ್ನೂ ಒಟ್ಟುಮಾಡಿ, ವಸ್ತು ವಿವರಣೆಯಂತಿಲ್ಲ, ಹಣ ಹಿಂದಿರುಗಿಸಿ ಎಂದು ಸ್ಪೀಡ್ ಪೋಸ್ಟಿನಲ್ಲಿ ಪತ್ರ ಬರೆಯಿರಿ. ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ತಿಳಿಸಿ. ಅದರಿಂದಲೂ ಆಗದಿದ್ದರೆ ತುಮಕೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ವ್ಯಾಪಾರಿ ಹೊರರಾಜ್ಯದವನಾದರೂ, 2019ರ ಕಾಯ್ದೆಯ ಪ್ರಕಾರ ಗ್ರಾಹಕರು ತಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ಐದು ಲಕ್ಷದೊಳಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಎರಡು ವರ್ಷದೊಳಗೆ ದೂರು ಕೊಡಬೇಕು. ಇದಕ್ಕೆ ಎಂಟು ತಿಂಗಳಷ್ಟೇ ಆಗಿದೆ. ಅಡಚಣೆ ಏನೆಂದರೆ, ಇಂಥ ವ್ಯಾಪಾರಿಗಳು ವಿಳಾಸ ಬದಲಿಸುತ್ತಾ ಹೋಗುತ್ತಾರೆ, ಆದೇಶ ನಿಮ್ಮ ಪರವಾಗಿ ಬಂದರೂ ವಸೂಲಿಗೆ ಓಡಾಟವಿದೆ. 6,000ಕ್ಕಾಗಿ ಅಷ್ಟು ಓಡಾಡುವಿರಾ ಎಂಬುದನ್ನು ನೀವೇ ತೀರ್ಮಾನಿಸಬೇಕು. ಪತ್ರವನ್ನಂತೂ ಬರೆಯಿರಿ, ಎಷ್ಟೋ ಸಲ ಪತ್ರಕ್ಕೇ ಹಣ ಬಂದಿದೆ, ಬಾರದಿದ್ದರೂ ವಾರಕ್ಕೆರಡು ಬರುವ ಫೋನು ನಿಲ್ಲುತ್ತದೆ.

ಬೆಳ್ಳಿ ರೂಪಾಯಿಯನ್ನೂ ಸ್ಮಾರಕ ನಾಣ್ಯವನ್ನೂ ಈಗ ಮಾರಲು ನಾನು ಹೇಳುವುದಿಲ್ಲ. ಚಿನ್ನ ಬೆಳ್ಳಿ ಅಂಗಡಿಯಲ್ಲಿ ರೂಪಾಯಿಗೆ ಬೆಳ್ಳಿಯ ತೂಕದ ಹಣ, ಅದರಲ್ಲೂ ಕರಗಿಸುವ ನಷ್ಟ ಕಳೆದು, ಸಿಗುತ್ತದೆ. ನಾಣ್ಯ ವ್ಯಾಪಾರಿ ಅದಕ್ಕಿಂತ ಸ್ವಲ್ಪ ಹೆಚ್ಚು ಕೊಟ್ಟಾನು. ಆನ್‌ಲೈನ್ ಹರಾಜಿನಲ್ಲಿ ಬೆಲೆ ಇನ್ನೂ ಸ್ವಲ್ಪ ಮೇಲೆ ಹೋಗಬಹುದು, ಆದರೆ ಅವರ ಕಮಿಷನ್ ಮತ್ತು ಅಂಚೆ ಖರ್ಚು ಕಳೆದರೆ ಒಂದೇ ನಾಣ್ಯಕ್ಕೆ ಅದು ಲಾಭದ ದಾರಿಯಲ್ಲ. ಯಾವ ದಾರಿಯಲ್ಲಿ ಮಾರಿದರೂ ಕೊಟ್ಟ ಬೆಲೆ ಈಗ ಬರುವುದಿಲ್ಲ. ಇವೆರಡೂ ಅಸಲಿಯಾದ್ದರಿಂದ ಮನೆಯಲ್ಲಿಯೇ ಇರಲಿ. ಸ್ಮಾರಕ ನಾಣ್ಯವನ್ನು ಬೆಳ್ಳಿಗಾಗಿ ಕರಗಿಸಿ ಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಸರ್ಕಾರದ ನಾಣ್ಯವನ್ನು ಕರಗಿಸುವುದು 2011ರ ಕಾಯ್ದೆಯಡಿ ಅಪರಾಧ. ಮರದ ಪೆಟ್ಟಿಗೆ ಚೆನ್ನಾಗಿದೆ, ದೇವರ ಮನೆಯಲ್ಲಿಟ್ಟುಕೊಳ್ಳಿ. ಅದರ ಹಣದ ಆಸೆ ಬಿಡಿ.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇನೆ: ಯಾವ ನಾಣ್ಯವನ್ನೂ ತೊಳೆಯಬೇಡಿ. ಕೆಲವು ವರ್ಷದ ಹಿಂದೆ ಶಿರಾ ಕಡೆಯ ಒಂದು ಕುಟುಂಬದವರು ಅಜ್ಜನ ಕಾಲದ ತಾಮ್ರದ ನಾಣ್ಯಗಳನ್ನು ಕುಂಕುಮದ ಭರಣಿಯಲ್ಲಿ ಹಾಕಿಕೊಂಡು ಬಂದಿದ್ದರು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ, ಆನೆಯ ಚಿತ್ರದ ಮಯಿಲಿ ಕಾಸುಗಳು ಅವು; ಕನ್ನಡ ಅಕ್ಷರಗಳು ಒಂದೂ ಸವೆಯದೆ ಉಳಿದಿದ್ದವು. ತಜ್ಞರಿಗೆ ತೋರಿಸುವುದಕ್ಕೆ ಮುಂಚೆ ಚೊಕ್ಕವಾಗಿರಲಿ ಎಂದು ಹಿಂದಿನ ರಾತ್ರಿ ಹುಣಿಸೇಹಣ್ಣು ಹಚ್ಚಿ ತೆಂಗಿನ ನಾರಿನಿಂದ ತಿಕ್ಕಿ ತಂದಿದ್ದರು. ನೂರೈವತ್ತು ವರ್ಷಕ್ಕೂ ಮಿಕ್ಕಿ ಕೂಡಿದ ಕಂದುಬಣ್ಣದ ಪದರ ಒಂದು ರಾತ್ರಿಯಲ್ಲಿ ಹೋಗಿ, ನಾಣ್ಯಗಳು ಹೊಸ ಚೊಂಬಿನಂತೆ ಕೆಂಪಗೆ ಹೊಳೆಯುತ್ತಿದ್ದವು, ಮೈ ತುಂಬಾ ಗೀರುಗಳು. ಅವರ ಎದುರಿಗೆ ನನಗೆ ಸ್ವಲ್ಪ ಹೊತ್ತು ಮಾತೇ ಹೊರಡಲಿಲ್ಲ. ಸಂಗ್ರಹಕಾರರು ಕೇಳುವುದು ಆ ಪದರವನ್ನೇ. ಅದು ಹೋದರೆ ಬೆಲೆಯ ದೊಡ್ಡ ಪಾಲು ಹೋಯಿತು. ಹುಣಿಸೇಹಣ್ಣು, ವಿಭೂತಿ, ಹಲ್ಲುಜ್ಜುವ ಪೇಸ್ಟು, ಪಾತ್ರೆಯ ಪುಡಿ ಯಾವುದೂ ಬೇಡ. ಹಾಗೆಯೇ ಮೆತ್ತನೆಯ ಪಿ.ವಿ.ಸಿ. ಪ್ಲಾಸ್ಟಿಕ್ ಚೀಲದಲ್ಲಿಯೂ ಇಡಬೇಡಿ. ಕಾಲಕ್ರಮೇಣ ಅದು ಬೆವರಿದಂತಾಗಿ ನಾಣ್ಯಕ್ಕೆ ಹಸಿರು ಅಂಟು ಹಿಡಿಯುತ್ತದೆ.

ನಿಮ್ಮ ತಂದೆಯವರಿಗೆ ಮುಂದೆಯೂ ಸಂಗ್ರಹಿಸುವ ಆಸೆ ಇದ್ದರೆ, ಇರಲಿ ಎಂದೇ ನಾನು ಹಾರೈಸುತ್ತೇನೆ, ಅಂಚೆಯಲ್ಲಿ ಕೊಳ್ಳುವುದನ್ನೂ ಬಿಡಬೇಕಾಗಿಲ್ಲ. ಮಾರುವವರು ತಾವು ಕಳಿಸಲಿರುವ ಅದೇ ನಾಣ್ಯದ ಎರಡೂ ಮುಖದ ಚಿತ್ರ ಕೊಡುತ್ತಾರೆಯೇ, ಲೋಹ ಮತ್ತು ತೂಕವನ್ನು ಬರೆಯುತ್ತಾರೆಯೇ, ಬಿಲ್ಲಿನಲ್ಲಿ 'ಅಸಲಿ' ಎಂದು ಬರೆದುಕೊಡುತ್ತಾರೆಯೇ, ಹಿಂದಿರುಗಿಸಲು ವಾರವಾದರೂ ಸಮಯ ಕೊಡುತ್ತಾರೆಯೇ ಎಂದು ನೋಡಬೇಕು. ಎಲ್ಲಕ್ಕಿಂತ ಮುಂಚೆ ಒಂದು ಪ್ರಶ್ನೆ ಕೇಳಬೇಕು: ಆರು ತಿಂಗಳ ಮೇಲೆ ಇದನ್ನು ನಿಮಗೇ ಮಾರಬೇಕೆಂದರೆ ಎಷ್ಟು ಕೊಡುತ್ತೀರಿ? ಒಳ್ಳೆಯ ವ್ಯಾಪಾರಿ ಒಂದು ಅಂಕಿ ಹೇಳುತ್ತಾನೆ, ಅದು ಮಾರಿದ ಬೆಲೆಗಿಂತ ಕಡಿಮೆಯೇ ಇರುತ್ತದೆ. ಇನ್ನೊಬ್ಬ ಮಾತು ಮರೆಸುತ್ತಾನೆ. ಸಮಾಜ ವಿಜ್ಞಾನ ಕಲಿಸಿದವರಿಗೆ ನಮ್ಮ ಸೀಮೆಯ ನಾಣ್ಯಗಳೇ ಸಾಕಷ್ಟಿವೆ: ಮೊಗಲರ ಕಾಲದಲ್ಲಿ ಸುಬಾದ, ಅಂದರೆ ಪ್ರಾಂತ್ಯದ, ರಾಜಧಾನಿಯಾಗಿದ್ದ ಶಿರಾದಲ್ಲಿ ಟಂಕಸಾಲೆ ಇತ್ತು, ಮೈಸೂರಿನ ತಾಮ್ರದ ಕಾಸುಗಳು ಇಂದಿಗೂ ಕೈಗೆಟಕುವ ಬೆಲೆಯಲ್ಲಿವೆ. ಅವುಗಳಲ್ಲಿಯೂ ನಕಲುಗಳಿವೆ, ಟಿಪ್ಪುವಿನ ಹೆಸರಿನಲ್ಲಿ ಅತಿ ಹೆಚ್ಚು. ಆದ್ದರಿಂದ ಮೊದಲ ವರ್ಷ ಬಿಲ್ಲು ಕೊಡುವವರಿಂದ ಮಾತ್ರ, ಚಿಕ್ಕ ಮೊತ್ತಕ್ಕೆ ಕೊಳ್ಳಲಿ. ನೂರು ವರ್ಷ ದಾಟಿದ ನಾಣ್ಯ ಪ್ರಾಚ್ಯವಸ್ತು ಕಾಯ್ದೆಗೆ ಒಳಪಡುತ್ತದೆ, ಅದನ್ನು ಹೊರದೇಶಕ್ಕೆ ಕಳಿಸುವಂತಿಲ್ಲ ಎಂಬುದೂ ತಿಳಿದಿರಲಿ.

ತಂದೆಯವರಿಗೆ ಹೇಗೆ ಹೇಳಲಿ ಎಂದು ಕೇಳಿದ್ದೀರಿ. ಅವರು ದುಡ್ಡಿನ ಆಸೆಯಿಂದಷ್ಟೇ ಕೊಂಡವರಲ್ಲ ಎಂದು ನನಗನ್ನಿಸುತ್ತದೆ. ಹಾಗಿದ್ದರೆ 1918ರ ರೂಪಾಯಿಯ ಜೊತೆ ಆ ಚೀಟಿ ಇರುತ್ತಿರಲಿಲ್ಲ. ನೀವು ಕಳಿಸಿದ ಚಿತ್ರದ ಮೂಲೆಯಲ್ಲಿ ಅದು ಕಾಣುತ್ತದೆ, ಮೇಷ್ಟ್ರ ದುಂಡನೆಯ ಅಕ್ಷರದಲ್ಲಿ 'ಮಹಾಯುದ್ಧ ಮುಗಿದ ವರ್ಷ' ಎಂದು ಬರೆದಿಟ್ಟಿದ್ದಾರೆ. ಬೆಲೆಯ ಮಾತಿನಿಂದ ಶುರು ಮಾಡಬೇಡಿ. ಒಂದು ಭೂತಗನ್ನಡಿ ತಂದುಕೊಡಿ, ಕಿಟಕಿಯ ಬೆಳಕಿಗೆ ಇಬ್ಬರೂ ಕೂತು ಆ ರೂಪಾಯಿಯ ಅಂಚು ಹಿಡಿದು ಹಿಂಬದಿ ತಿರುಗಿಸಿ. ಕೆಳಗಡೆ ಹೂವಿನ ಅಲಂಕಾರದ ಅಡಿಯಲ್ಲಿ ಒಂದು ಸಣ್ಣ ಚುಕ್ಕೆ ಇದ್ದರೆ ಅದು ಮುಂಬಯಿಯಲ್ಲಿ ಒತ್ತಿದ್ದು, ಇಲ್ಲದಿದ್ದರೆ ಕೋಲ್ಕತ್ತದ್ದು. ಚಿತ್ರದಲ್ಲಿ ಆ ಜಾಗಕ್ಕೆ ನೆರಳು ಬಿದ್ದಿದೆ, ನನಗೆ ಕಾಣಲಿಲ್ಲ. ಅವರೇ ನೋಡಿ ಎರಡು ಸಾಲು ಬರೆಯಲಿ. ಅಮೆರಿಕದ ಬೆಳ್ಳಿಯ ಕಥೆಯನ್ನು ನಾನು ಅವರಿಗೇ ವಿವರವಾಗಿ ಬರೆದು ಕಳಿಸುತ್ತೇನೆ, ಹನುಮಂತನ ಬಿಲ್ಲೆಯ ವಿಷಯವನ್ನೂ ಅದೇ ಪತ್ರದಲ್ಲಿ ನಾನೇ ತಿಳಿಸುತ್ತೇನೆ.